ಗುಲಾಬಿ ಹೂವಿನ ಹಳೆಯ ಇಂಗ್ಲಿಷ್ ಟೀ ಕಪ್‌ಗಳು: ಕೊಳ್ಳುವ ಮೊದಲು ಏನೇನು ನೋಡಬೇಕು

ಇಂಗ್ಲೆಂಡಿನ ಹಳೆಯ ಬೋನ್ ಚೈನಾ ಅನ್ನುವ ತೆಳು ಪಿಂಗಾಣಿ ಸಾಮಾನು ಕೂಡಿಡಬೇಕು ಅಂತ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಗುಲಾಬಿ. ಕಪ್ಪಿನ ಹೊರಗೆ ಗುಲಾಬಿ, ಒಳಗೆ ಗುಲಾಬಿ, ಸಾಸರಿನ ಸುತ್ತ ಗುಲಾಬಿ ಮೊಗ್ಗು. ಇಷ್ಟೊಂದು ಇರುವುದರಿಂದಲೇ ಆರಿಸುವುದು ಕಷ್ಟ. ಮಾರುವವರು ದೊಡ್ಡ ಕಂಪನಿಯ ಹೆಸರು ಹೇಳುತ್ತಾರೆ. ‘ತುಂಬಾ ಹಳೇದು’ ಅನ್ನುತ್ತಾರೆ. ‘ಕೈಯಲ್ಲೇ ಬಿಡಿಸಿದ್ದು’ ಅಂತಲೂ ಸೇರಿಸುತ್ತಾರೆ. ಇದರಲ್ಲಿ ಯಾವುದು ನಿಜ ಅಂತ ನೀವೇ ನೋಡಿ ತಿಳಿಯಬಹುದು. ಅದಕ್ಕೆ ಒಂದು ಭೂತಗನ್ನಡಿ, ಒಂದು ಟಾರ್ಚ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಸರು ನೋಡಿ ಕೊಳ್ಳಬೇಡಿ, ಹೂವು ನೋಡಿ ಕೊಳ್ಳಿ. ತಳದ ಮುದ್ರೆ ನೋಡಿದರೆ ಯಾರು ಮಾಡಿದರು ಅಂತ ಗೊತ್ತಾಗುತ್ತದೆ. ಎಷ್ಟು ಚೆನ್ನಾಗಿ ಮಾಡಿದರು ಅನ್ನುವುದು ಗೊತ್ತಾಗಬೇಕಾದರೆ ಎಸಳುಗಳನ್ನೇ ನೋಡಬೇಕು. ಒಂದೇ ಕಂಪನಿ ಒಂದೇ ಕಾಲದಲ್ಲಿ ಅಪರೂಪದ ಕೆಲಸವನ್ನೂ ಮಾಡಿದೆ, ಅವಸರದ ಕೆಲಸವನ್ನೂ ಮಾಡಿದೆ.

1. ಮೊದಲು ಅದು ಬೋನ್ ಚೈನಾನೇ ಅಂತ ಖಾತ್ರಿ ಮಾಡಿಕೊಳ್ಳಿ

ಬೋನ್ ಚೈನಾದಲ್ಲಿ ಇರುವುದು ನಿಜವಾದ ಮೂಳೆ. ದನದ ಮೂಳೆಯನ್ನು ಸುಟ್ಟು ಬೂದಿ ಮಾಡಿ ಮಣ್ಣಿಗೆ ಬೆರೆಸುತ್ತಾರೆ. ಹಳೆಯ ಇಂಗ್ಲಿಷ್ ಪಾಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮೂಳೆಯ ಬೂದಿ. ಉಳಿದ ಅರ್ಧದಲ್ಲಿ ಬಿಳಿ ಜೇಡಿಮಣ್ಣು ಒಂದು ಪಾಲು, ಕಾರ್ನ್‌ವಾಲ್ ಕಡೆಯ ಕಲ್ಲಿನ ಪುಡಿ ಇನ್ನೊಂದು ಪಾಲು. ಮೂಳೆಯ ಬೂದಿ ಬೆರೆಸುವ ಪ್ರಯೋಗ 1740ರ ದಶಕದಲ್ಲೇ ಲಂಡನ್ ಪೂರ್ವದ ಬೋ ಕಾರ್ಖಾನೆಯಲ್ಲಿ ನಡೆದಿತ್ತು. ಅದನ್ನು ಇಂದಿನ ಹದಕ್ಕೆ ತಂದದ್ದು ಸ್ಟೋಕ್ ಊರಿನ ಸ್ಪೋಡ್ ಕಾರ್ಖಾನೆ, 1790ರ ದಶಕದಲ್ಲಿ.

ನಮ್ಮಲ್ಲಿ ಎಷ್ಟೋ ಮನೆಗಳಿಗೆ ಈ ಮೂಳೆಯ ವಿಷಯ ಒಗ್ಗುವುದಿಲ್ಲ. ಹಾಗಾಗಿ ತರುವ ಮೊದಲೇ ಮನೆಯಲ್ಲಿ ಹೇಳಿ. ಹಿರಿಯರ ಕೈಗೆ ಟೀ ಕೊಟ್ಟು, ಆಮೇಲೆ ವಿಷಯ ತಿಳಿಯುವಂತೆ ಆಗಬಾರದು. ಬೇಡ ಅನ್ನುವವರಿಗೆ ಬೇರೆ ದಾರಿ ಇದೆ. ಸ್ಟೋಕ್‌ನ ಗ್ರಿಮ್‌ವೇಡ್ಸ್ ಕಂಪನಿ ‘ರಾಯಲ್ ವಿಂಟನ್’ ಹೆಸರಲ್ಲಿ ಚಿಂಟ್ಸ್ ಬಟ್ಟೆಯಂತೆ ಮೈತುಂಬ ಹೂವಿರುವ ಪಾತ್ರೆಗಳನ್ನು ಮಾಡುತ್ತಿತ್ತು. ಅವು ಸಾಧಾರಣ ಮಣ್ಣಿನ ಪಾತ್ರೆಗಳು, ಬೋನ್ ಚೈನಾ ಅಲ್ಲ. ಅವನ್ನೇ ಕೂಡಿಡುವ ಜನ ಪ್ರಪಂಚದ ಎಲ್ಲ ಕಡೆ ಇದ್ದಾರೆ.

ಗುರುತಿಸುವುದು ಸುಲಭ. ಕಪ್ಪನ್ನು ಬೆಳಕಿಗೆ ಹಿಡಿದು ಹಿಂದೆ ಬೆರಳು ಆಡಿಸಿ. ಬೋನ್ ಚೈನಾ ಆದರೆ ಬೆರಳಿನ ನೆರಳು ಕಾಣುತ್ತದೆ. ಒಳಗಿನಿಂದ ಬರುವ ಬೆಳಕು ಬೆಚ್ಚಗಿನ ಕೆನೆಬಣ್ಣಕ್ಕೆ ತಿರುಗಿರುತ್ತದೆ. ಯುರೋಪಿನ ಗಟ್ಟಿ ಪಿಂಗಾಣಿಯಲ್ಲಿ ಅದು ಸ್ವಲ್ಪ ನೀಲಿ, ಬೂದು ಛಾಯೆಯಲ್ಲಿರುತ್ತದೆ. ಮಣ್ಣಿನ ಪಾತ್ರೆಯಲ್ಲಿ ಬೆಳಕು ತೂರುವುದೇ ಇಲ್ಲ. ಇನ್ನೊಂದು ಗುರುತು ತೂಕ. ಒಳ್ಳೆಯ ಬೋನ್ ಚೈನಾ ಕಪ್ಪನ್ನು ಎತ್ತಿದಾಗ ಕಣ್ಣು ಅಂದಾಜು ಮಾಡಿದ್ದಕ್ಕಿಂತ ಹಗುರ ಇರುತ್ತದೆ. ತೆಳ್ಳಗಿದ್ದರೂ ಗಟ್ಟಿ. ಮೂಳೆಯ ಬೂದಿಯಿಂದ ಬರುವ ಗುಣ ಅದು.

2. ಗುಲಾಬಿ ಕಪ್‌ಗಳು ಎಲ್ಲಿಂದ ಬಂದವು ಅಂತ ತಿಳಿದುಕೊಳ್ಳಿ

ಇಂಗ್ಲೆಂಡಿನ ನಡುಭಾಗದಲ್ಲಿ ಸ್ಟೋಕ್-ಆನ್-ಟ್ರೆಂಟ್ ಅಂತ ಊರಿದೆ. ಟನ್‌ಸ್ಟಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಅನ್ನುವ 6 ಪಟ್ಟಣ ಸೇರಿ ಆದ ಊರು. ಅಲ್ಲಿ ಕಲ್ಲಿದ್ದಲು ಧಾರಾಳವಾಗಿ ಸಿಗುತ್ತಿತ್ತು, ಹಾಗಾಗಿ ಕುಂಬಾರಿಕೆ ಅಲ್ಲೇ ಬೇರೂರಿತು. ಇಟ್ಟಿಗೆಯಿಂದ ಕಟ್ಟಿದ ಬಾಟಲಿ ಆಕಾರದ ಆವಿಗೆಗಳು ಒಂದು ಕಾಲದಲ್ಲಿ ಸಾವಿರಾರು ಇದ್ದವು. ಈಗ ಉಳಿದಿರುವುದು 50ಕ್ಕೂ ಕಡಿಮೆ. ಗುಲಾಬಿ ಟೀ ಕಪ್‌ಗಳ ತವರು ಇದರಲ್ಲಿ ಲಾಂಗ್ಟನ್. ರಾಯಲ್ ಆಲ್ಬರ್ಟ್, ಐನ್ಸ್‌ಲಿ, ಪ್ಯಾರಗಾನ್, ಶೆಲ್ಲಿ ಎಲ್ಲವೂ ಅಲ್ಲಿಯವೇ.

ಒಂದು ಸಂಗತಿ ಗೊತ್ತಿದ್ದರೆ ಹುಡುಕಾಟ ಸುಲಭ ಆಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟನ್ ಸರ್ಕಾರ ತನ್ನ ಜನರಿಗೆ ಹೂವಿನ ಪಿಂಗಾಣಿ ಮಾರುವುದನ್ನು ತಡೆಯಿತು. ಊರಿನ ಮನೆಗಳಿಗೆ ಬರೀ ಬಿಳಿ ಕಪ್, ಹೂವಿನದೆಲ್ಲ ಹೊರದೇಶಕ್ಕೆ. ದೇಶಕ್ಕೆ ಡಾಲರ್ ಬೇಕಾಗಿತ್ತು. ಈ ನಿರ್ಬಂಧ ಪೂರ್ತಿ ತೆಗೆದದ್ದು 1952ರಲ್ಲಿ. ಆ ದಶಕದ ಚೆಂದದ ಗುಲಾಬಿ ಕಪ್‌ಗಳು ಕೆನಡಾ, ಅಮೆರಿಕ, ಆಸ್ಟ್ರೇಲಿಯಾದ ಮನೆಗಳನ್ನು ಸೇರಿದ್ದು ಹೀಗೆ. ಟೊರಾಂಟೊ, ಮೆಲ್ಬರ್ನ್ ಕಡೆ ಇರುವ ಕನ್ನಡಿಗರಿಗೆ ಇದು ಅನುಕೂಲ. ಅಲ್ಲಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಇವು ಈಗಲೂ ಸಿಗುತ್ತವೆ. ಎಷ್ಟೋ ಸಲ ಮಾರುವವರಿಗೆ ಅವುಗಳ ಬೆಲೆಯೂ ತಿಳಿದಿರುವುದಿಲ್ಲ.

3. ಏನು ಕೂಡಿಡಬೇಕು ಅಂತ ತೀರ್ಮಾನಿಸಿ

ಕಂಡದ್ದೆಲ್ಲ ಕೊಂಡರೆ ಕಪಾಟು ತುಂಬುತ್ತದೆ, ಸಂಗ್ರಹ ಆಗುವುದಿಲ್ಲ. ಮೊದಲೇ ಒಂದು ಗೆರೆ ಹಾಕಿಕೊಳ್ಳಿ.

ಟೀ ಸಾಮಾನು ಮೂರು ಬಗೆಯಲ್ಲಿ ಸಿಗುತ್ತದೆ. ಕಪ್ ಮತ್ತು ಸಾಸರ್ ಮಾತ್ರ ಇದ್ದರೆ ಜೋಡಿ. ಅದರ ಜೊತೆ ತಿಂಡಿಯ ಚಿಕ್ಕ ತಟ್ಟೆಯೂ ಇದ್ದರೆ ಟ್ರಯೋ. ಪೂರ್ತಿ ಸೆಟ್ ಅಂದರೆ ಸಾಮಾನ್ಯವಾಗಿ 21 ಪಾತ್ರೆ. 6 ಟ್ರಯೋ ಸೇರಿ 18, ಜೊತೆಗೆ ಹಾಲಿನ ಜಗ್, ಸಕ್ಕರೆ ಬಟ್ಟಲು, ದೊಡ್ಡ ಕೇಕ್ ತಟ್ಟೆ. ಟೀ ಪಾಟ್ ಈ ಲೆಕ್ಕದಲ್ಲಿ ಬರುವುದಿಲ್ಲ. ಅದನ್ನು ಬೇರೆಯಾಗಿ ಮಾರುತ್ತಿದ್ದರು. ಕೈಜಾರುವುದು, ಮೂತಿ ಒಡೆಯುವುದು, ಮುಚ್ಚಳ ಕಳೆಯುವುದು ಅದಕ್ಕೇ ಜಾಸ್ತಿ. ಹಾಗಾಗಿ ಟೀ ಪಾಟ್ ಯಾವತ್ತೂ ದುಬಾರಿ.

ಹೊಸಬರಿಗೆ ನಾನು ಹೇಳುವುದು ಟ್ರಯೋದಿಂದ ಶುರು ಮಾಡಿ ಅಂತ. ಒಂದು ಟ್ರಯೋದಲ್ಲಿ ಅದೇ ಹೂವನ್ನು ಮೂರು ಆಕಾರದ ಮೇಲೆ ನೋಡಬಹುದು. ಕಪ್ಪಿನ ಬಾಗಿದ ಮೈ ಮೇಲೆ ಗುಲಾಬಿಯನ್ನು ಹೇಗೆ ಕೂರಿಸಿದ್ದಾರೆ, ಚಪ್ಪಟೆ ತಟ್ಟೆಯಲ್ಲಿ ಅದೇ ಬಳ್ಳಿ ಎಷ್ಟು ಹರಡಿದೆ ಅಂತ ಹೋಲಿಸುತ್ತ ಹೋದರೆ ಕಣ್ಣು ಬೇಗ ಪಳಗುತ್ತದೆ. ಜಾಗವೂ ಜಾಸ್ತಿ ಬೇಡ.

ಇನ್ನು ಯಾವ ಕಂಪನಿ ಅನ್ನುವ ಪ್ರಶ್ನೆ. ಎಲ್ಲರಿಗೂ ಗೊತ್ತಿರುವುದು ರಾಯಲ್ ಆಲ್ಬರ್ಟ್‌ನ ‘ಓಲ್ಡ್ ಕಂಟ್ರಿ ರೋಸಸ್’. ಕೆಂಪು, ನಸುಗೆಂಪು, ಹಳದಿ ಗುಲಾಬಿ ಗೊಂಚಲು, ಅಂಚಿಗೆ ಚಿನ್ನ. ಹೆರಾಲ್ಡ್ ಹೋಲ್ಡ್‌ಕ್ರಾಫ್ಟ್ ವಿನ್ಯಾಸ ಮಾಡಿದ್ದು, 1962ರಲ್ಲಿ ಮಾರುಕಟ್ಟೆಗೆ ಬಂತು. ಇಲ್ಲಿಯವರೆಗೆ 10 ಕೋಟಿಗೂ ಹೆಚ್ಚು ಪಾತ್ರೆ ಮಾರಾಟ ಆಗಿವೆ ಅಂತ ಕಂಪನಿ ಹೇಳಿಕೊಂಡಿದೆ. ಇದರಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ತಳದಲ್ಲಿ 1962 ಅಂತ ಅಚ್ಚಾಗಿದ್ದರೆ ಆ ಕಪ್ 1962ರಲ್ಲಿ ಮಾಡಿದ್ದು ಅಂತ ಅರ್ಥ ಅಲ್ಲ. ಅದು ವಿನ್ಯಾಸದ ಹಕ್ಕಿನ ವರ್ಷ. ಅದೇ ವರ್ಷ ಹೊತ್ತ ಕಪ್ 1990ರ ದಶಕದ್ದೂ ಆಗಿರಬಹುದು. 2000ದ ನಂತರ ತಯಾರಿಕೆ ಇಂಡೋನೇಷ್ಯಾಕ್ಕೆ ಹೋಯಿತು. ಹಾಗಾಗಿ ಇಂಗ್ಲೆಂಡಿನದೇ ಬೇಕು ಅಂದರೆ ಮುದ್ರೆ ನೋಡಿ, ‘ಇಂಗ್ಲೆಂಡ್’ ಪದ ಇದ್ದರೂ ಎಲ್ಲಿ ಮಾಡಿದ್ದು ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ. ಈ ವಿನ್ಯಾಸ ಬೇಕಾದಷ್ಟು ಸಿಗುತ್ತದೆ, ಒಡೆದರೆ ಬದಲಿ ಸಿಗುತ್ತದೆ. ದಿನವೂ ಬಳಸುವವರಿಗೆ ಇದೇ ಸರಿ. ಹೂಡಿಕೆ ಅಂತ ತಿಳಿದು ಕೊಳ್ಳಬೇಡಿ. ಇಷ್ಟು ಸಂಖ್ಯೆಯಲ್ಲಿ ಇರುವ ವಸ್ತುವಿನ ಬೆಲೆ ಏರುವುದು ಕಷ್ಟ. ಅದೇ ಕಂಪನಿಯ ‘ಅಮೆರಿಕನ್ ಬ್ಯೂಟಿ’, ‘ಲೇಡಿ ಕಾರ್ಲೈಲ್’, ‘ಲ್ಯಾವೆಂಡರ್ ರೋಸ್’, ‘ಮೂನ್‌ಲೈಟ್ ರೋಸ್’ ಕೂಡ ನೋಡಿ. ನನಗೆ ಲೇಡಿ ಕಾರ್ಲೈಲ್ ಹೆಚ್ಚು ಇಷ್ಟ. ಅದರ ಮೆಲುಬಣ್ಣದ ಅಂಚು ಹೂವನ್ನು ತುಂಬಾ ಚೆನ್ನಾಗಿ ಎತ್ತಿ ತೋರಿಸುತ್ತದೆ.

ಶೆಲ್ಲಿ ಕಪ್‌ಗಳ ಸೊಗಸು ಆಕಾರದಲ್ಲಿದೆ. ರೋಲಂಡ್ ಮಾರಿಸ್ 1896ರಲ್ಲಿ ರೂಪಿಸಿದ ‘ಡೇಂಟಿ’ ಆಕಾರಕ್ಕೆ ಹೂವಿನ ಎಸಳಿನಂತೆ 6 ಮಡಿಕೆ. ಅದರ ಮೇಲೆ ಪುಟ್ಟ ಗುಲಾಬಿ ಮೊಗ್ಗುಗಳಿದ್ದರೆ ಕಪ್ಪೇ ಹೂವಾದ ಹಾಗೆ ಕಾಣುತ್ತದೆ. ಕಂಪನಿ ಶೆಲ್ಲಿ ಅನ್ನುವ ಹೆಸರನ್ನು 1925ರಲ್ಲಿ ಪೂರ್ತಿಯಾಗಿ ತೆಗೆದುಕೊಂಡಿತು, 1966ರಲ್ಲಿ ಬೇರೆಯವರ ಕೈ ಸೇರಿ ಮುಚ್ಚಿತು. ಕೆಲವು ದಶಕ ಮಾತ್ರ ನಡೆದದ್ದರಿಂದ ಇದನ್ನು ಬಯಸುವವರು ಜಾಸ್ತಿ, ಬೆಲೆಯೂ ಜಾಸ್ತಿ.

ಐನ್ಸ್‌ಲಿ ತುಂಬಾ ಹಳೆಯ ಹೆಸರು, ಮೂಲ 1775. ಅವರ ಕಪ್‌ಗಳಲ್ಲಿ ಹೆಸರುವಾಸಿ ಆದದ್ದು ಒಳಗಿನ ದೊಡ್ಡ ಗುಲಾಬಿ. ಕ್ಯಾಬೇಜ್ ರೋಸ್ ಅಂತ ಕರೆಯುತ್ತಾರೆ, ಎಸಳುಗಳು ಕೋಸಿನಂತೆ ಒತ್ತೊತ್ತಾಗಿ ಸುತ್ತಿರುವುದರಿಂದ. ಹೂವಿನ ಪಕ್ಕ ಜೆ. ಎ. ಬೇಲಿ ಅನ್ನುವ ಸಹಿ ಇರುವ ಕಪ್‌ಗಳಿಗೆ ಸಂಗ್ರಹಕಾರರು ಕಾದಿರುತ್ತಾರೆ. ಪ್ಯಾರಗಾನ್ ಕೂಡ ಹೀಗೇ ಕಪ್ಪಿನ ಒಳಗೆ ಒಂಟಿ ದೊಡ್ಡ ಗುಲಾಬಿ ಇಡುತ್ತಿತ್ತು. ಹೊರಗೆಲ್ಲ ಒಂದೇ ಗಾಢ ಬಣ್ಣ. ಕುಡಿಯುತ್ತ ಹೋದಂತೆ ಒಳಗಿನ ಹೂವು ಮೆಲ್ಲಗೆ ಕಾಣಿಸಿಕೊಳ್ಳುತ್ತದೆ.

ಹ್ಯಾಮರ್ಸ್ಲಿ, ಟಸ್ಕನ್, ಆಡರ್ಲಿ, ಕೋಲ್ಕ್ಲೋ, ಕ್ವೀನ್ ಆನ್, ರೋಸಿನಾ, ರಾಯಲ್ ಸ್ಟಾಫರ್ಡ್ ಮುಂತಾದವುಗಳ ಬೆಲೆ ಕಡಿಮೆ. ಹೂವನ್ನು ನೋಡಲು ಕಲಿತವರಿಗೆ ಒಳ್ಳೆಯ ಬೇಟೆ ಸಿಗುವುದು ಇಲ್ಲೇ.

4. ಎಸಳನ್ನು ಭೂತಗನ್ನಡಿಯಲ್ಲಿ ನೋಡಿ

ಇಡೀ ಕೆಲಸದ ತಿರುಳು ಇದು, ನಿಧಾನವಾಗಿ ಮಾಡಿ. 10 ಪಟ್ಟು ಹಿಗ್ಗಿಸುವ ಸಣ್ಣ ಭೂತಗನ್ನಡಿ ಸಾಕು. ಆಭರಣದ ಅಂಗಡಿಯವರು ಬಳಸುವುದೂ ಅದನ್ನೇ.

ಗುಲಾಬಿಯ ಒಂದೇ ಎಸಳನ್ನು ಆರಿಸಿ. ನೆರಳು ಇರುವ ಕಡೆಯಿಂದ ಬೆಳಕಿನ ಕಡೆಗೆ ಕಣ್ಣು ಸರಿಸಿ. ಬಣ್ಣ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಾಣಿಸಿದರೆ ಅದು ಕಾಗದದಿಂದ ಇಳಿಸಿದ ಬಣ್ಣದ ಅಚ್ಚು. ಚುಕ್ಕೆಗಳು ಸಾಲು ತಪ್ಪದೆ ಒಂದೇ ಅಳತೆಯಲ್ಲಿದ್ದರೆ ಅಚ್ಚು ಇತ್ತೀಚಿನದು. ಹಳೆಯ ಅಚ್ಚಿನಲ್ಲಿ ಚುಕ್ಕೆಗಳು ಚಿಕ್ಕದು ದೊಡ್ಡದು ಬೆರೆತು ಚೆಲ್ಲಾಪಿಲ್ಲಿ ಇರುತ್ತವೆ. ಅಚ್ಚು ಅಂದ ತಕ್ಷಣ ಕಳಪೆ ಅಂದುಕೊಳ್ಳಬೇಡಿ. 20ನೇ ಶತಮಾನದ ಗುಲಾಬಿ ಕಪ್‌ಗಳಲ್ಲಿ ಹೆಚ್ಚಿನವು ಅಚ್ಚಿನವೇ. ಅದರಲ್ಲೂ ಒಳ್ಳೆಯದು ಕೆಟ್ಟದ್ದು ಇದೆ. ಕಪ್ಪಿನ ಬಾಗಿನಲ್ಲಿ ಅಚ್ಚು ಮಡಿಸಿಕೊಂಡಿದೆಯಾ, ಹಿಡಿಯ ಹತ್ತಿರ ಹೂವನ್ನು ಕತ್ತರಿಸಿ ಹಾಕಿದ್ದಾರಾ, ಬಳ್ಳಿಯ ಎರಡು ತುದಿ ಸರಿಯಾಗಿ ಕೂಡಿದೆಯಾ ಅಂತ ನೋಡಿ.

ಎರಡನೆಯ ಬಗೆಯಲ್ಲಿ ಗೆರೆ ಅಚ್ಚಿನದು, ಬಣ್ಣ ಕೈಯದು. ತಾಮ್ರದ ತಗಡಿನಲ್ಲಿ ಕೆತ್ತಿದ ಗೆರೆಯನ್ನು ತೆಳು ಕಾಗದದ ಮೂಲಕ ಕಪ್ಪಿಗೆ ಇಳಿಸುತ್ತಿದ್ದರು. ಆಮೇಲೆ ಸಾಲಾಗಿ ಕೂತ ಹೆಣ್ಣುಮಕ್ಕಳು ಅದರೊಳಗೆ ಬಣ್ಣ ತುಂಬುತ್ತಿದ್ದರು. ಎಸಳಿನ ಸುತ್ತ ಕಂದು ಅಥವಾ ಬೂದು ಬಣ್ಣದ ಸಪೂರ ಗೆರೆ ಇದೆಯಾ? ಬಣ್ಣ ಅಲ್ಲಲ್ಲಿ ಆ ಗೆರೆಯನ್ನು ದಾಟಿದೆಯಾ? ಬೆರಳು ಸವರಿದರೆ ಬಣ್ಣ ಸ್ವಲ್ಪ ಉಬ್ಬಿದ ಹಾಗೆ ತಾಗುತ್ತದಾ? ಹಾಗಾದರೆ ಅದು ಈ ಬಗೆ. ಗೆರೆ ದಾಟಿದ ಬಣ್ಣ ನನ್ನ ಕಣ್ಣಿಗೆ ದೋಷ ಅಲ್ಲ. ಸ್ಟೋಕ್‌ನ ಯಾವುದೋ ಹೆಣ್ಣುಮಗಳ ಕುಂಚ ಅಲ್ಲಿ ಒಂದು ಗಳಿಗೆ ನಿಂತಿದ್ದರ ಗುರುತು ಅದು. ಆರು ಕಪ್‌ಗಳ ಸೆಟ್ಟಿನಲ್ಲಿ ಆರೂ ಗುಲಾಬಿ ಬೇರೆ ಬೇರೆ ಥರ ಅರಳಿರುತ್ತವೆ.

ಮೂರನೆಯದು ಪೂರ್ತಿ ಕೈಕೆಲಸ. ಇದರಲ್ಲಿ ಚುಕ್ಕೆ ಇಲ್ಲ, ಹೊರಗೆರೆಯೂ ಇಲ್ಲ. ಕುಂಚದ ಎಳೆಗಳು ಕಾಣುತ್ತವೆ, ಬಣ್ಣ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಇಂಗ್ಲಿಷ್ ಪಿಂಗಾಣಿಯ ಗುಲಾಬಿಗೆ ದಾರಿ ಹಾಕಿಕೊಟ್ಟವರು ವಿಲಿಯಂ ಬಿಲಿಂಗ್ಸ್‌ಲಿ. 1758ರಲ್ಲಿ ಡರ್ಬಿಯಲ್ಲಿ ಹುಟ್ಟಿ, ಅಲ್ಲಿನ ಪಿಂಗಾಣಿ ಕಾರ್ಖಾನೆಯಲ್ಲೇ ಕೆಲಸ ಕಲಿತವರು. ಅವರಿಗಿಂತ ಮೊದಲು ಹೂವಿನ ಬೆಳಕಿನ ಭಾಗವನ್ನು ಖಾಲಿ ಬಿಡುತ್ತಿದ್ದರು. ಬಿಲಿಂಗ್ಸ್‌ಲಿ ಹಾಗೆ ಮಾಡಲಿಲ್ಲ. ಇಡೀ ಹೂವಿಗೆ ಬಣ್ಣ ತುಂಬಿ, ಹಸಿ ಇರುವಾಗಲೇ ಒಣ ಕುಂಚದಿಂದ ಬೆಳಕಿನ ಭಾಗವನ್ನು ಒರೆಸಿ ತೆಗೆಯುತ್ತಿದ್ದರು. ಒಳಗಿನ ಬಿಳುಪು ಎಸಳಿನ ಮೂಲಕ ಮೂಡಿ ಬರುವುದು ಇದರಿಂದಲೇ. ಅವರೇ ಬಿಡಿಸಿದ್ದು ಮ್ಯೂಸಿಯಂನಲ್ಲಿ ಮಾತ್ರ ಸಿಗುತ್ತದೆ ಅಂತಿಟ್ಟುಕೊಳ್ಳಿ. ಆದರೆ ಆ ರೀತಿ ನಂತರದವರಿಗೂ ಬಂತು. ಕೈಯಲ್ಲಿ ಬಿಡಿಸಿದ ಗುಲಾಬಿ ಸಿಕ್ಕಿದರೆ ಬೆಳಕಿನ ಭಾಗವನ್ನು ಮೊದಲು ನೋಡಿ. ಬಣ್ಣ ಒರೆಸಿ ತೆಗೆದ ಜಾಗದಲ್ಲಿ ಅಂಚು ಮೃದುವಾಗಿ ಕರಗಿರುತ್ತದೆ.

ಸಹಿ ಇದ್ದರೂ ಈ ಪರೀಕ್ಷೆ ಬಿಡಬೇಡಿ. ಕಲಾವಿದರ ಸಹಿಯೂ ಅಚ್ಚಿನ ಜೊತೆಯಲ್ಲೇ ಬಂದಿರಬಹುದು. ಅಚ್ಚಿನ ಹೂವಿನ ಮೇಲೆ ಒಂದೆರಡು ಗೆರೆ ಕುಂಚದಲ್ಲಿ ಎಳೆದು ‘ಕೈಯಲ್ಲಿ ಬಿಡಿಸಿದ್ದು’ ಅಂತ ಹೇಳುವುದೂ ಇದೆ.

ಚಿನ್ನವನ್ನೂ ನೋಡಿ. ಒಂದು ಬಗೆಯ ಚಿನ್ನ ಆವಿಗೆಯಿಂದ ಮಂಕಾಗಿ ಬರುತ್ತದೆ. ಅದನ್ನು ಅಕೀಕದಂಥ ಕಲ್ಲಿನಿಂದ ಉಜ್ಜಿ ಹೊಳಪು ತರಿಸುತ್ತಾರೆ. ಅದರ ಹೊಳಪು ಮೆತ್ತಗೆ, ತುಂಬಾ ಕಾಲ ಬಾಳುತ್ತದೆ. ಇನ್ನೊಂದು ದ್ರವ ಚಿನ್ನ, ಆವಿಗೆಯಿಂದ ಬರುವಾಗಲೇ ಕನ್ನಡಿಯಂತೆ ಹೊಳೆಯುತ್ತದೆ, ಬೇಗ ಸವೆಯುತ್ತದೆ. ಹಿಡಿಯ ಮೇಲಿನ ಚಿನ್ನ ನೋಡಿ, ಕಪ್ಪನ್ನು ಎಷ್ಟು ಬಳಸಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ.

5. ಆಮೇಲೆ ತಳ ತಿರುಗಿಸಿ

ಮುದ್ರೆಯಿಂದ ಕಾಲ ಅಂದಾಜು ಮಾಡುವುದಕ್ಕೆ ಕೆಲವು ನಂಬಬಹುದಾದ ಗುರುತುಗಳಿವೆ. ಅಮೆರಿಕದ ಸುಂಕದ ಕಾನೂನಿನಿಂದಾಗಿ 1891ರಿಂದ ಅಲ್ಲಿಗೆ ಹೋಗುವ ಸಾಮಾನಿನ ಮೇಲೆ ದೇಶದ ಹೆಸರು ಇರಬೇಕಾಯಿತು. ಹಾಗಾಗಿ ‘ಇಂಗ್ಲೆಂಡ್’ ಅಂತ ಇದ್ದರೆ ಸಾಮಾನ್ಯವಾಗಿ ಅದರ ನಂತರದ್ದು. ‘ಮೇಡ್ ಇನ್ ಇಂಗ್ಲೆಂಡ್’ ಅಂತ ಇದ್ದರೆ 20ನೇ ಶತಮಾನ. ‘ಬೋನ್ ಚೈನಾ’ ಅನ್ನುವ ಪದವೇ ಮುದ್ರೆಯಲ್ಲಿದ್ದರೂ ಅಷ್ಟೇ, 20ನೇ ಶತಮಾನ. 1842ರಿಂದ 1883ರವರೆಗೆ ವಿನ್ಯಾಸ ನೋಂದಣಿಗೆ ವಜ್ರದ ಆಕಾರದ ಗುರುತು ಹಾಕುತ್ತಿದ್ದರು. 1884ರಿಂದ ಅದರ ಬದಲು ಆರ್‌ಡಿ ಅಂತ ಬರೆದು ಸಂಖ್ಯೆ ಕೊಟ್ಟರು. ಈ ಸಂಖ್ಯೆಯಿಂದ ವಿನ್ಯಾಸ ನೋಂದಾಯಿಸಿದ ವರ್ಷ ಸಿಗುತ್ತದೆ. ಆ ಕಪ್ ಮಾಡಿದ ವರ್ಷ ಅಲ್ಲ, ನೆನಪಿಡಿ.

ಪ್ಯಾರಗಾನ್ ಮುದ್ರೆಯಲ್ಲಿ ರಾಣಿಯ ಜೊತೆ ರಾಜಮಾತೆ ಮೇರಿಯ ಹೆಸರೂ ಇದ್ದರೆ ಅದು 1950ರ ದಶಕದ ಮೊದಲ ವರ್ಷಗಳಿಗಿಂತ ಈಚಿನದಲ್ಲ. ಮೇರಿ ತೀರಿಕೊಂಡದ್ದು 1953ರಲ್ಲಿ.

ಮುದ್ರೆಯ ಪಕ್ಕ ಕುಂಚದಲ್ಲಿ ಬರೆದ ಸಂಖ್ಯೆ ಇದ್ದರೆ ಅದು ವಿನ್ಯಾಸದ ಸಂಖ್ಯೆ. ಕಪ್, ಸಾಸರ್, ತಟ್ಟೆ ಮೂರರಲ್ಲೂ ಅದು ಒಂದೇ ಇದೆಯಾ ನೋಡಿ. ಒಡೆದ ಸೆಟ್ಟುಗಳಿಂದ ಉಳಿದದ್ದನ್ನು ಸೇರಿಸಿ ಟ್ರಯೋ ಅಂತ ಮಾರುವುದು ಸಾಮಾನ್ಯ. ಬಿಳಿಯ ಛಾಯೆ, ಚಿನ್ನದ ಬಣ್ಣ ಹೊಂದದಿದ್ದರೆ ಅನುಮಾನ ಪಡಿ. ಮುದ್ರೆಗೆ ಅಡ್ಡವಾಗಿ ಒಂದು ಗೀರು ಎಳೆದಿದ್ದರೆ ಅದು ಕಾರ್ಖಾನೆಯವರೇ ಎರಡನೇ ದರ್ಜೆ ಅಂತ ಬೇರೆ ಮಾಡಿದ್ದು. ಬಳಸಲು ಅಡ್ಡಿಯಿಲ್ಲ, ಬೆಲೆ ಮಾತ್ರ ಕಡಿಮೆ ಇರಬೇಕು.

6. ಬಿರುಕು, ಚಕ್ಕೆ, ರಿಪೇರಿ ಪತ್ತೆ ಮಾಡಿ

ಇದನ್ನು ಒಂದು ಕ್ರಮದಲ್ಲಿ ಮಾಡಿದರೆ ಯಾವುದೂ ತಪ್ಪಿಹೋಗುವುದಿಲ್ಲ. ಕಪ್ಪನ್ನು ಎಡ ಅಂಗೈ ಮೇಲೆ ಕೂರಿಸಿ. ಹಿಡಿಯಿಂದ ಎತ್ತಬೇಡಿ, ಹಳೆಯ ಅಂಟು ಬಿಟ್ಟುಬಿಟ್ಟರೆ ಕಪ್ ನೆಲದ ಮೇಲಿರುತ್ತದೆ. ಕಣ್ಣು ಮುಚ್ಚಿ, ಬಲಗೈ ತೋರುಬೆರಳಿನ ತುದಿಯನ್ನು ಅಂಚಿನ ಸುತ್ತ ಆಡಿಸಿ. ಕಣ್ಣಿಗೆ ಕಾಣದ ಸಣ್ಣ ಚಕ್ಕೆ ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ತಳದ ಬಳೆ, ಹಿಡಿ ಕೂಡಿಸಿದ ಎರಡು ಜಾಗ.

ಈಗ ಉಗುರಿನಿಂದ ಅಂಚನ್ನು ಮೆಲ್ಲಗೆ ತಟ್ಟಿ. ಸರಿಯಾಗಿರುವ ಕಪ್ ಗಂಟೆಯಂತೆ ನಾದ ಕೊಟ್ಟು ಒಂದೆರಡು ಕ್ಷಣ ನಿಲ್ಲುತ್ತದೆ. ಬಿರುಕು ಇದ್ದರೆ ಶಬ್ದ ಟಪ್ ಅಂತ ಅಲ್ಲೇ ಸಾಯುತ್ತದೆ. ಅನುಮಾನ ಬಂದರೆ ಟಾರ್ಚ್ ಬೆಳಕನ್ನು ಒಳಗಿನಿಂದ ಹಾಯಿಸಿ ಕಪ್ಪನ್ನು ತಿರುಗಿಸುತ್ತ ಹೋಗಿ. ಕೂದಲೆಳೆಯಷ್ಟು ಬಿರುಕು ಕಂದು ಗೆರೆಯಾಗಿ ಕಾಣುತ್ತದೆ, ಎಷ್ಟೋ ವರ್ಷದ ಟೀ ಅದರೊಳಗೆ ಇಳಿದಿರುತ್ತದೆ. ಹಿಡಿಯ ಬುಡದಲ್ಲಿ ಇದು ಜಾಸ್ತಿ. ಅಂಥದ್ದನ್ನು ಬಿಟ್ಟುಬಿಡಿ, ಹೂವು ಎಷ್ಟೇ ಚೆಂದ ಇದ್ದರೂ. ಬಿಸಿ ಟೀ ಬಿದ್ದಾಗಲೆಲ್ಲ ಆ ಬಿರುಕು ಬೆಳೆಯುತ್ತದೆ.

ರಿಪೇರಿ ಮಾಡಿದ ಜಾಗ ಮುಟ್ಟಿದರೆ ಸುತ್ತಲಿನ ಪಿಂಗಾಣಿಯಷ್ಟು ತಣ್ಣಗೆ ಇರುವುದಿಲ್ಲ. ಹೊಳಪು ಸ್ವಲ್ಪ ಪ್ಲಾಸ್ಟಿಕ್ ಥರ. ಕತ್ತಲೆಯಲ್ಲಿ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಹಿಡಿದರೆ ಅಂಟು, ಹೊಸ ಬಣ್ಣ ಬೇರೆಯಾಗಿ ಹೊಳೆದು ತೋರುತ್ತವೆ. ದುಬಾರಿ ಕಪ್ ಕೊಳ್ಳುವವರು ಆ ಟಾರ್ಚ್ ಇಟ್ಟುಕೊಳ್ಳುವುದು ಒಳ್ಳೆಯದು. ಚಮಚದ ಗೀರು, ಕಪ್ ಒಳಗಿನ ಟೀ ಕಲೆ, ಚಿನ್ನದ ಸ್ವಲ್ಪ ಸವೆತ ದೊಡ್ಡ ವಿಷಯ ಅಲ್ಲ. ಬಳಸಿದ ವಸ್ತು ಅಲ್ವಾ.

7. ಎಲ್ಲಿ ಹುಡುಕಬೇಕು

ಬ್ರಿಟನ್ನಿನಲ್ಲಿ ಇರುವವರು ಮೊದಲು ದಾನ ಬಂದ ಹಳೇ ಸಾಮಾನು ಮಾರುವ ಚಾರಿಟಿ ಅಂಗಡಿಗಳಿಗೆ ಹೋಗಿ. ಭಾನುವಾರ ಬೆಳಿಗ್ಗೆ ಮೈದಾನಗಳಲ್ಲಿ ನಡೆಯುವ, ಜನ ಹಳೇ ಸಾಮಾನನ್ನು ಕಾರಿನ ಡಿಕ್ಕಿಯಿಂದಲೇ ಮಾರುವ ಕಾರ್ ಬೂಟ್ ಸೇಲ್‌ಗಳಿಗೆ ಬೇಗ ಹೋದಷ್ಟೂ ಲಾಭ. ನ್ಯೂವಾರ್ಕ್‌ನಂಥ ದೊಡ್ಡ ಆಂಟಿಕ್ ಸಂತೆಗಳಲ್ಲಿ ಒಂದೇ ದಿನ ನೂರಾರು ಕಪ್ ಕೈಯಲ್ಲಿ ಹಿಡಿದು ನೋಡಬಹುದು. ಕೊಳ್ಳುವ ಮೊದಲು ಒಂದು ದಿನ ಸ್ಟೋಕ್‌ಗೆ ಹೋಗಿ ಬನ್ನಿ ಅಂತ ನಾನು ಒತ್ತಾಯ ಮಾಡುತ್ತೇನೆ. ಲಾಂಗ್ಟನ್‌ನ ಗ್ಲ್ಯಾಡ್‌ಸ್ಟನ್ ಪಾಟರಿ ಮ್ಯೂಸಿಯಂನಲ್ಲಿ ಹಳೆಯ ಆವಿಗೆಯ ಒಳಗೇ ನಿಂತು ನೋಡಬಹುದು. ಹ್ಯಾನ್ಲಿಯ ಪಾಟರೀಸ್ ಮ್ಯೂಸಿಯಂನಲ್ಲಿ ಒಳ್ಳೆಯ ಕೆಲಸ ಹೇಗಿರುತ್ತದೆ ಅಂತ ಕಣ್ಣಿಗೆ ಅಂದಾಜು ಸಿಗುತ್ತದೆ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನ ಪಿಂಗಾಣಿ ಕೋಣೆಗಳಿಗೂ ಇದೇ ಮಾತು.

ಆನ್‌ಲೈನ್‌ನಲ್ಲಿ ಕೊಳ್ಳುವವರು ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟ ಆಗಿಹೋದ ಬೆಲೆ ನೋಡಿ. ಈಬೇಯಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ. ಮಾರುವವರಿಗೆ ನೇರವಾಗಿ ಕೇಳಿ: ಅಂಚಿನಲ್ಲಿ ಚಕ್ಕೆ ಎದ್ದಿದೆಯಾ? ತಟ್ಟಿದರೆ ನಾದ ಬರುತ್ತದಾ? ರಿಪೇರಿ ಆಗಿದೆಯಾ? ಬೆಳಕಿಗೆ ಹಿಡಿದ ಒಂದು ಫೋಟೊ, ತಳದ ಫೋಟೊ, ಹಿಡಿಯ ಬುಡದ ಫೋಟೊ ತರಿಸಿಕೊಳ್ಳಿ. ಕಳಿಸಲು ಒಪ್ಪದವರನ್ನು ಬಿಡಿ, ಇನ್ನೊಂದು ಕಪ್ ಸಿಕ್ಕೇ ಸಿಗುತ್ತದೆ.

ಭಾರತಕ್ಕೆ ತರಿಸುವುದಾದರೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ಒಂದೊಂದು ಸಲ ಅದು ಕಪ್ಪಿನ ಬೆಲೆಯನ್ನೇ ಮೀರುತ್ತದೆ. ಊರಿಗೆ ಬರುವವರ ಕೈಚೀಲದಲ್ಲಿ ತರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಕಪ್ಪಿನ ಒಳಗೆ ಕಾಗದದ ಉಂಡೆ ತುಂಬಿ, ಹಿಡಿಯ ತೂತಿನೊಳಗೂ ಕಾಗದ ಸುತ್ತಿ, ಸಾಸರನ್ನು ಬೇರೆಯಾಗಿ ಸುತ್ತಿ ನಿಲ್ಲಿಸಿ ಇಡಲು ಹೇಳಿ. ಕಪ್ಪನ್ನು ಸಾಸರಿನ ಮೇಲೆ ಕೂರಿಸಿ ಒಟ್ಟಿಗೆ ಸುತ್ತಿದರೆ ಎರಡೂ ಒಡೆಯುತ್ತವೆ.

8. ತೊಳೆಯುವುದು, ಬಳಸುವುದು, ಇಡುವುದು

ಹೂವಿನ ಬಣ್ಣ, ಚಿನ್ನ ಎರಡೂ ಹೊಳಪಿನ ಪದರದ ಮೇಲೆ ಕೂತಿರುತ್ತವೆ. ಅದಕ್ಕೇ ಡಿಶ್‌ವಾಷರ್ ಬೇಡವೇ ಬೇಡ. ಮೈಕ್ರೋವೇವ್‌ನಲ್ಲಿ ಚಿನ್ನ ಕಿಡಿ ಹಾರಿಸುತ್ತದೆ. ಸಿಂಕಿನಲ್ಲಿ ಹಳೆಯ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಲ್ಲಿ ಒಂದೊಂದಾಗಿ ಮೆತ್ತನೆ ಬಟ್ಟೆಯಿಂದ ತೊಳೆಯಿರಿ. ತೊಳೆಯುವಾಗ ಉಂಗುರ, ಬಳೆ ತೆಗೆದಿಡಿ. ಚಿನ್ನದ ಗೀಟಿಗೆ ಗೀರು ಬೀಳುವುದು ಹೆಚ್ಚಾಗಿ ಅದರಿಂದಲೇ. ಒಳಗಿನ ಟೀ ಕಲೆಗೆ ಅಡುಗೆ ಸೋಡಾವನ್ನು ಸ್ವಲ್ಪ ನೀರಲ್ಲಿ ಕಲಸಿ, ಹೂವು ಚಿನ್ನ ಇಲ್ಲದ ಜಾಗದಲ್ಲಿ ಮಾತ್ರ, ಬೆರಳಿನಿಂದ ಮೆಲ್ಲಗೆ ಉಜ್ಜಿ. ಬ್ಲೀಚ್ ಹಾಕಬೇಡಿ, ಚಿನ್ನ ಮಂಕಾಗುತ್ತದೆ.

ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಹೂವು ಹೊರಗಡೆ ಮಾತ್ರ ಇರುವ ಕಪ್ಪಿನಲ್ಲಿ ಟೀ ಕುಡಿಯಲು ನನಗೆ ಅಳುಕಿಲ್ಲ. ಒಳಗೆ ದೊಡ್ಡ ಗುಲಾಬಿ ಇರುವುದನ್ನು ನೋಡಲು ಇಟ್ಟುಕೊಳ್ಳಿ. ಅದರಲ್ಲಿ ನಿಂಬೆ ಹಾಕಿದ ಟೀ ಬೇಡ, ಹುಳಿ ಪದಾರ್ಥ ಇಟ್ಟು ಬಿಡುವುದೂ ಬೇಡ. ಬಣ್ಣ ಸವೆದಿರುವ ಕಪ್ಪನ್ನಂತೂ ಬಳಸಲೇಬೇಡಿ. ಚಳಿಗಾಲದಲ್ಲಿ ಕಪ್ ತಣ್ಣಗಿದ್ದರೆ ಮೊದಲು ಬೆಚ್ಚಗಿನ ನೀರು ಹಾಕಿ ಚೆಲ್ಲಿ, ಆಮೇಲೆ ಕುದಿಯುವ ಟೀ ಸುರಿಯಿರಿ.

ಕಪ್ಪಿನೊಳಗೆ ಕಪ್ ಪೇರಿಸಬೇಡಿ. ಹಿಡಿಯಿಂದ ಕೊಕ್ಕೆಗೆ ನೇತುಹಾಕಬೇಡಿ, ಇಡೀ ಭಾರ ಆ ಎರಡು ಕೂಡುಜಾಗಕ್ಕೆ ಬೀಳುತ್ತದೆ. ತಟ್ಟೆಗಳ ಮಧ್ಯೆ ಮೆತ್ತನೆ ಬಟ್ಟೆ ಅಥವಾ ಕಾಗದ ಇಡಿ. ಅಚ್ಚಾದ ದಿನಪತ್ರಿಕೆ ಬೇಡ, ಶಾಯಿ ಚಿನ್ನಕ್ಕೆ ಹತ್ತುತ್ತದೆ.

ಕೊನೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕಂಪನಿ, ವಿನ್ಯಾಸದ ಸಂಖ್ಯೆ, ಎಲ್ಲಿ ಕೊಂಡಿರಿ, ಎಷ್ಟು ಕೊಟ್ಟಿರಿ, ಏನು ದೋಷ ಇದೆ ಅಂತ ಬರೆಯಿರಿ. ತಳದ ಮುದ್ರೆಯ ಜೊತೆಗೆ ಒಂದು ಎಸಳಿನ ಹತ್ತಿರದ ಫೋಟೊ ಕೂಡ ತೆಗೆದಿಡಿ. ಮುಂದಿನ ಕಪ್ ಕೊಳ್ಳುವಾಗ ಅಂಗಡಿಯಲ್ಲಿ ನಿಂತೇ ಎರಡು ಗುಲಾಬಿಗಳನ್ನು ಪಕ್ಕಪಕ್ಕ ಹೋಲಿಸಿ ನೋಡಬಹುದು.